ಯೋಬನ ಕುದುರೆ ಮತ್ತು ಸಾಕ್ಷಿಯ ಲೆಕ್ಕ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಕ್ರೈಸ್ತಸಭೆಗಳಲ್ಲಿ ‘ಸಾಕ್ಷಿ ಹೇಳುವ’ ಪದ್ಧತಿಗೆ ಈಗ ಸಂದಿರುವ ಗೌರವವು ಅದರ ಯೋಗ್ಯತೆಯನ್ನು ಬಹುವಾಗಿ ಮೀರಿದುದೆಂದು ನನ್ನ ಎಣಿಕೆ. ಪ್ರಾರ್ಥನಾಕೂಟದ ನಡುವೆ ಒಬ್ಬರು ಎದ್ದು ನಿಂತು, ವೈದ್ಯರು ಕೈಬಿಟ್ಟ ರೋಗವು ವಾಸಿಯಾದುದನ್ನೋ, ಬತ್ತಿದ ಬೋರ್‌ವೆಲ್ಲಿನಲ್ಲಿ ನೀರು ಕಾಣಿಸಿಕೊಂಡುದನ್ನೋ, ಮಗನಿಗೆ ಕೆಲಸ ದೊರೆತುದನ್ನೋ ಸವಿಸ್ತಾರವಾಗಿ ಹೇಳಿ, ಆದಕಾರಣ ಕರ್ತನನ್ನು ನಂಬಬೇಕೆಂದು ಮುಗಿಸಿದೊಡನೆ, ಸಭೆಯು ‘ಸ್ತೋತ್ರ’ವೆಂದು ದನಿಗೂಡಿಸುತ್ತದೆ, ದೇವರಲ್ಲಿ ಭರವಸೆಯಿಡಲು ಕಾರಣವೇನೆಂಬ ಪ್ರಶ್ನೆಯು ಅಲ್ಲಿಗೆ ಇತ್ಯರ್ಥವಾದಂತೆ ಎಲ್ಲರೂ ಕುಳಿತುಕೊಳ್ಳುತ್ತಾರೆ. ಈ ಪದ್ಧತಿಗೆ ಒಂದು ಗುಣವುಂಟೆಂಬುದನ್ನು ಮರೆಮಾಡಲಾಗದು: ಅಕ್ಷರವರಿಯದ ಹೆಣ್ಣುಮಗಳೊಬ್ಬಳು ಸಭಾಪಾಲಕರಿಗೆ ಸರಿಸಮನಾಗಿ ಬಾಯ್ದೆರೆಯಬಹುದಾದ ಸಂದರ್ಭವು ಆರಾಧನೆಯಲ್ಲಿ ಇದೊಂದೇ. ಗುಣವನ್ನು ಇಷ್ಟಕ್ಕೇ ಬಿಡುತ್ತೇನೆ.

ಹಿಂದೆ ಕಾರಣಗಳ ಬಗೆ ಬೇರೆಯಿತ್ತು. ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ 1839ರಲ್ಲಿ ಗುಬ್ಬಿಗೆ ಬಂದು, ಕಣ್ಣಿನ ಬೇನೆಯಿಂದಾಗಿ ಎರಡೇ ವರ್ಷಗಳಲ್ಲಿ ಹಿಂದಿರುಗಿ, 1847ರಲ್ಲಿ ‘ಎ ಮಿಷನ್ ಟು ದಿ ಮೈಸೂರ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಅಲ್ಲಿ ನಂಬಿಕೆಯು ವಾದದ ಫಲ: ಎದುರಾಳಿಯ ಮತವು ಖಂಡಿತವಾದರೆ ತನ್ನ ಮತವು ತಾನಾಗಿ ಸ್ಥಾಪಿತವಾಗುವುದೆಂಬ ಧೈರ್ಯ. ಮಲ್ಲಣಾರ್ಯನಂತಹ ಕವಿಯನ್ನು ಹಡೆದ ಊರಿನಲ್ಲಿ ವಾದಕ್ಕೆ ಪ್ರತಿವಾದವು ದೊರೆಯದೆ ಇದ್ದೀತೆ? ಆದರೂ ಆರ್ಥರನ ವಾದವು ಕೇಳುವವನಿಗೆ ಮರುನುಡಿಯ ಎಡೆಯನ್ನಾದರೂ ಬಿಟ್ಟಿತ್ತು. ಸಾಕ್ಷಿಗೆ ಮರುನುಡಿಯೇ ಇಲ್ಲ. ಗುಣವಾದ ಕಾಯಿಲೆಯನ್ನು ಯಾರು ಖಂಡಿಸಬಲ್ಲರು?

ಸಾಕ್ಷಿಗೆ ಶಾಸ್ತ್ರಾಧಾರವಾಗಿ ಸಾಮಾನ್ಯವಾಗಿ ಉದಾಹೃತವಾಗುವುದು ಬೈಬಲಿನ ಯೋಬನ ಗ್ರಂಥದ 42ನೆಯ ಅಧ್ಯಾಯ: ಕಳೆದುಕೊಂಡುದೆಲ್ಲವೂ ಅವನಿಗೆ ಇಮ್ಮಡಿಯಾಗಿ ಬಂದಿತು. ಈ ಇಮ್ಮಡಿಯನ್ನು ಕೊಂಡಾಡುವವರು ಲೆಕ್ಕವನ್ನು ಕೊನೆಯವರೆಗೆ ನೋಡಿದಂತಿಲ್ಲ. 7,000 ಕುರಿಗಳು 14,000 ಆದುವು, 3,000 ಒಂಟೆಗಳು 6,000 ಆದುವು, 500 ಜೋಡಿ ಎತ್ತುಗಳು 1,000 ಜೋಡಿ ಆದುವು. ಮಕ್ಕಳು ಮಾತ್ರ ಮೊದಲಿನಂತೆಯೇ ಏಳು ಗಂಡು, ಮೂರು ಹೆಣ್ಣು. ಅವರಾದರೂ ಬೇರೆ ಮಕ್ಕಳು. ಬಿರುಗಾಳಿಗೆ ಕುಸಿದ ಮನೆಯಡಿಯಲ್ಲಿ ಸತ್ತವರು ಎದ್ದು ಬರಲಿಲ್ಲ. ಮೃತರು ಪರಲೋಕದಲ್ಲಿರುವುದರಿಂದ ಒಟ್ಟು ಸಂಖ್ಯೆಯು ಇಮ್ಮಡಿಯೇ ಆಯಿತೆಂದು ಸಮಾಧಾನ ಹೇಳುವ ವ್ಯಾಖ್ಯಾನಕಾರರುಂಟು. ಗ್ರಂಥಕರ್ತನು ಆಡದ ಆ ಮಾತನ್ನು ಅವನ ಬಾಯಿಗೆ ತುರುಕುವುದು ಭಕ್ತಿಯಾದೀತು, ವ್ಯಾಖ್ಯಾನವಾಗದು.

ಇಲ್ಲಿ ನಮ್ಮ ಸಾಹಿತ್ಯ ವಿಮರ್ಶಕರೊಡನೆಯೂ ಒಂದು ವ್ಯಾಜ್ಯವಿದೆ. ಯೋಬನೆಂದೊಡನೆ ರಾಘವಾಂಕನ ಹರಿಶ್ಚಂದ್ರನನ್ನು ತಂದು ಪಕ್ಕದಲ್ಲಿ ನಿಲ್ಲಿಸಿ, ಸಹನೆಯ ಎರಡು ಪ್ರತಿಮೆಗಳೆಂದು ಇಬ್ಬರಿಗೂ ಒಂದೇ ಹಾರವನ್ನು ತೊಡಿಸುವುದು ಬಹುಕಾಲದ ರೂಢಿ. ಎರಡು ಕಥೆಗಳೂ ಒಂದು ಪಂತದಿಂದ ತೊಡಗುತ್ತವೆ, ಸಾಮ್ಯವು ಆ ಪಂತದೊಡನೆಯೇ ಮುಗಿಯುತ್ತದೆ. ದೇವಸಭೆಯಲ್ಲಿ ಪಂತವನ್ನು ಹೂಡಿದ ವಿಶ್ವಾಮಿತ್ರನು ಕಾವ್ಯದ ಕಡೆಯಲ್ಲಿ ಬಂದು ಸೋಲನ್ನೊಪ್ಪುತ್ತಾನೆ, ಹಾವು ಕಚ್ಚಿ ಸತ್ತ ಮಗ ಲೋಹಿತಾಶ್ವನು ಬದುಕುತ್ತಾನೆ, ತನ್ನ ಕಷ್ಟಗಳೆಲ್ಲವೂ ಪರೀಕ್ಷೆಯೆಂಬುದು ಅರಸನಿಗೆ ತಿಳಿಯುತ್ತದೆ. ಯೋಬನ ಕಥೆಯಲ್ಲಿ ಸೈತಾನನು ಎರಡನೆಯ ಅಧ್ಯಾಯದ ಆಚೆಗೆ ಮುಖವನ್ನೇ ತೋರುವುದಿಲ್ಲ. ಹೀಗೊಂದು ಪಂತ ನಡೆದಿತ್ತೆಂದು ಯೋಬನಿಗೆ ಕೊನೆಯವರೆಗೂ ಯಾರೂ ಹೇಳುವುದಿಲ್ಲ. ಓದುಗನಿಗೆ ತಿಳಿದ ಕಾರಣವು ನರಳುವವನಿಗೆ ತಿಳಿಯದು. ಮತ್ತೆ, ಹರಿಶ್ಚಂದ್ರನು ನುಡಿಗೆ ತಪ್ಪದೆ ಸಹಿಸಿದನು. ಯೋಬನು ಎರಡು ಅಧ್ಯಾಯಗಳ ಕಾಲ ಸಹಿಸಿ, ಮೂರನೆಯದರಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸಿ, ಅಲ್ಲಿಂದಾಚೆಗೆ ದೇವರನ್ನು ವ್ಯಾಜ್ಯಕ್ಕೆ ಕರೆದನು. ಇವನನ್ನು ಸಹನಾಮೂರ್ತಿಯೆನ್ನಬೇಕಾದರೆ ಗ್ರಂಥದ ಬಹುಭಾಗವನ್ನು ಓದದಿರಬೇಕು.

ಆ ವ್ಯಾಜ್ಯಕ್ಕೆ ಬಂದ ಉತ್ತರವೇ ಈ ಗ್ರಂಥದ ವಿಸ್ಮಯ. ಮಕ್ಕಳನ್ನು ಕೊಂದದ್ದೂ ಬಿರುಗಾಳಿ, ಉತ್ತರವು ಹೊರಟದ್ದೂ ಬಿರುಗಾಳಿಯೊಳಗಿಂದ. ಈ ಸಂಗತಿಯನ್ನು ಕವಿಯು ಮೃದುಗೊಳಿಸುವ ಗೋಜಿಗೆ ಹೋಗಿಲ್ಲ. ಅನಂತರ ಬರುವುದು ಮಳೆ: ಮನುಷ್ಯರಿಲ್ಲದ ಮರುಭೂಮಿಯಲ್ಲಿ ಸುರಿಯುವ ಮಳೆ. ರಾಗಿ ಬಿತ್ತಿ ಮುಗಿಲನ್ನು ನೋಡುವ ನಮ್ಮ ಬೆದ್ದಲಿನ ರೈತನು ಇದನ್ನು ಕೇಳಿ ಕೆರಳದಿದ್ದರೆ ಆಶ್ಚರ್ಯ; ಯಾರ ಹೊಲಕ್ಕೂ ಬೀಳದ ಮಳೆಯನ್ನು ತೋರಿಸಿ ನಂಬೆಂದರೆ ಅದೆಂತಹ ಸಾಂತ್ವನ? ಮುಂದೆ 39ನೆಯ ಅಧ್ಯಾಯದಲ್ಲಿ ಬೆಟ್ಟದ ಮೇಕೆ, ಕಾಡುಕತ್ತೆ, ನೇಗಿಲಿಗೆ ಹೆಗಲುಗೊಡದ ಕಾಡುಕೋಣ, ಮೊಟ್ಟೆಗಳನ್ನು ನೆಲದಲ್ಲಿಟ್ಟು ಮರೆಯುವ ಉಷ್ಟ್ರಪಕ್ಷಿ: ಒಂದಾದರೂ ಮನುಷ್ಯನ ಉಪಯೋಗಕ್ಕೆ ಬಂದುದಲ್ಲ. ಈ ಸಾಲಿನ ನಡುವೆ ಥಟ್ಟನೆ ಕುದುರೆಯೊಂದು ನಿಲ್ಲುತ್ತದೆ. ಟಿಪ್ಪುವಿನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಕುಣಿಗಲಿನವನು ಇದನ್ನು ಸುಲಭವಾಗಿ ಗುರುತಿಸಬಲ್ಲನು: ಕೊರಳಲ್ಲಿ ಕೇಸರ, ನೆಲವನ್ನು ಕೆದರುವ ಗೊರಸು, ದೂರದ ಯುದ್ಧದ ವಾಸನೆಯನ್ನು ಹಿಡಿಯುವ ಮೂಗು, ಕಹಳೆಯ ಸದ್ದಿಗೆ ಹಿಗ್ಗುವ ಮೈ. ಪಟ್ಟಿಯಲ್ಲಿ ಪಳಗಿದ ಪ್ರಾಣಿಯು ಇದೊಂದೇ. ಆದರೂ ಕವಿಯು ಅದರ ಬೆನ್ನ ಮೇಲಿನ ಸವಾರನನ್ನು ಕಣ್ಣೆತ್ತಿ ನೋಡುವುದಿಲ್ಲ. ಲಗಾಮು ಮನುಷ್ಯನ ಕೈಯಲ್ಲಿದ್ದರೂ ಆ ಧೈರ್ಯವನ್ನು ಕೊಟ್ಟವನು ಮನುಷ್ಯನಲ್ಲ. ‘ಇದರಿಂದ ನನಗೇನು ಲಾಭ’ ಎಂಬ ಅಳತೆಗೋಲನ್ನು ಸಿಗದ ಮೃಗಗಳಿಂದ ಮೊದಲು ಬಾಗಿಸಿ, ಸಿಕ್ಕ ಮೃಗದಿಂದ ಕಡೆಗೆ ಮುರಿದದ್ದು ಈ ಭಾಗದ ಕೌಶಲ. ಇಷ್ಟಾದರೂ ಸತ್ತ ಮಕ್ಕಳ ಮಾತು ಒಂದಕ್ಷರವೂ ಇಲ್ಲ. ಸಾಕ್ಷಿಯು ಯಾವ ಕಾರಣದ ಮೇಲೆ ನಿಂತಿದೆಯೋ ಆ ಕಾರಣವನ್ನು ದೇವರ ಉತ್ತರವು ಎತ್ತಿಯೇ ಆಡುವುದಿಲ್ಲ.

1876–78ರ ಧಾತು-ಈಶ್ವರದ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಐದರಲ್ಲೊಂದು ಪಾಲು ಅಳಿಯಿತೆಂದು ಅಂದಾಜು. ಹೆತ್ತವರನ್ನು ಕಳೆದುಕೊಂಡ ಹುಡುಗರಿಗಾಗಿ ಮಿಷನ್ನಿನವರು ತುಮಕೂರಿನಲ್ಲಿ ಅನಾಥಾಲಯವನ್ನು ತೆರೆದರು. ಇಂದಿನ ಸಾಕ್ಷಿಯ ನ್ಯಾಯವನ್ನು ಆ ಹುಡುಗರ ಮುಂದಿಟ್ಟಿದ್ದರೆ ಏನಾಗುತ್ತಿತ್ತು? ಉಳಿದವನು ಉಳಿದುದು ದೇವರ ಕೃಪೆಯಾದರೆ ಅವನ ತಾಯಿ ಹಸಿದು ಸತ್ತುದು ಯಾರ ಅಕೃಪೆ? ಯೋಬನ ಸ್ನೇಹಿತರಾದ ಎಲೀಫಜ, ಬಿಲ್ದದ, ಚೋಫರರು ಹೂಡಿದ ವಾದವೂ ಇದೇ, ಮಗುಚಿ ಹಾಕಿದ್ದು ಮಾತ್ರ: ಒಳ್ಳೆಯವನಿಗೆ ಒಳ್ಳೆಯದಾಗುವುದು ನಿಯಮ, ನಿನಗೆ ಕೆಟ್ಟುದಾಗಿದೆ, ಆದಕಾರಣ ನೀನು ಕೆಟ್ಟವನು. ಇಮ್ಮಡಿಯ ಲೆಕ್ಕಕ್ಕೆ ಮುಂಚೆ, ಅದೇ 42ನೆಯ ಅಧ್ಯಾಯದಲ್ಲಿ, ಈ ಮೂವರು ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲವೆಂದೂ ಯೋಬನೇ ಸರಿಯಾಗಿ ಮಾತನಾಡಿದನೆಂದೂ ದೇವರು ತೀರ್ಪು ಕೊಡುತ್ತಾನೆ. ದೂರಿದವನನ್ನು ಸುಳ್ಳುಗಾರನೆನ್ನದ ದೇವರು: ನಂಬುವುದಕ್ಕೆ ಈ ಗ್ರಂಥವು ಕೊಡುವ ಕಾರಣ ಇಷ್ಟೇ, ಮತ್ತು ನನ್ನ ಮಟ್ಟಿಗೆ ಬೋರ್‌ವೆಲ್ಲಿನ ನೀರಿಗಿಂತ ಇದು ಗಟ್ಟಿಯಾದುದು. ದೇವರ ಪಕ್ಷವನ್ನು ವಹಿಸಿ ವಾದಿಸಿದ ಆ ಸ್ನೇಹಿತರು ಏಳು ಹೋರಿಗಳನ್ನೂ ಏಳು ಟಗರುಗಳನ್ನೂ ಹೊಡೆದುಕೊಂಡು, ದೇವರೊಡನೆ ಜಗಳವಾಡಿದವನ ಬಳಿಗೆ ಹೋಗಿ, ನಮಗಾಗಿ ಪ್ರಾರ್ಥಿಸೆಂದು ನಿಲ್ಲಬೇಕಾಯಿತು. ಸಾಕ್ಷಿ ಹೇಳುವ ಕೂಟಗಳಲ್ಲಿ ಈ ವಚನದ ಮೇಲೆ ಪ್ರಸಂಗ ನಡೆದುದನ್ನು ನಾನಿನ್ನೂ ಕೇಳಿಲ್ಲ.