ದಿನಚರಿಯ ಕನ್ನಡಿ

ದಿನಚರಿ ಬರೆಯುವವನು ತನ್ನನ್ನು ತಾನು ಅರಿಯುತ್ತಾನೆ, ಅರಿತು ತಿದ್ದಿಕೊಳ್ಳುತ್ತಾನೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈಗಂತೂ ಗುರಿ, ಸಾಧನೆ, ಲೋಪ ಎಂದು ಅಚ್ಚು ಹಾಕಿದ ದಿನಚರಿ ಪುಸ್ತಕಗಳೇ ಅಂಗಡಿಯಲ್ಲಿ ಸಿಗುತ್ತವೆ. ನನ್ನ ವಿದ್ಯಾರ್ಥಿಗಳ ಕೈಯಲ್ಲೂ ಅವನ್ನು ಕಂಡಿದ್ದೇನೆ. ಈ ನಂಬಿಕೆಯ ಸತ್ತ್ವವನ್ನು ಪರೀಕ್ಷಿಸಲು ಟಾಲ್‌ಸ್ಟಾಯನ ದಿನಚರಿಗಿಂತ ಒಳ್ಳೆಯ ಒರೆಗಲ್ಲು ನನಗೆ ಕಾಣದು.

1847ರಲ್ಲಿ, 18ರ ಹರಯದಲ್ಲಿ, ಕಜಾನಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನು ಇದನ್ನು ಆರಂಭಿಸಿದ. ನಡುವೆ ವರ್ಷಗಟ್ಟಲೆ ಬಿಟ್ಟದ್ದುಂಟು. ಆದರೂ 1910ರಲ್ಲಿ ಸಾಯುವವರೆಗೆ ಈ ಗೀಳು ಅವನನ್ನು ಬಿಡಲಿಲ್ಲ. 90 ಸಂಪುಟಗಳ ಅವನ ಸಮಗ್ರ ಕೃತಿಶ್ರೇಣಿಯಲ್ಲಿ 13 ಸಂಪುಟಗಳು ದಿನಚರಿ, ಟಿಪ್ಪಣಿಗಳಿಗೇ ಮೀಸಲು.

ತಾರುಣ್ಯದ ಪುಟಗಳ ತುಂಬ ನಿಯಮಗಳು. ಬೆಂಜಮಿನ್ ಫ್ರಾಂಕ್ಲಿನ್ನನ ಮಾದರಿಯಲ್ಲಿ ತನ್ನ ದೌರ್ಬಲ್ಯಗಳನ್ನು ದಿನದಿನವೂ ಗುರುತುಹಾಕುತ್ತಿದ್ದ. ಸೋಮಾರಿತನ, ಜಂಬ, ಜೂಜು—ಯಾವುದನ್ನೂ ಬಿಟ್ಟಿಲ್ಲ. ನಿಯಮ ಬರೆಯುವುದು, ಮುರಿಯುವುದು, ಪುನಃ ಬರೆಯುವುದು! ಬರೆದ ಮಾತ್ರಕ್ಕೆ ಜೂಜಿನ ಚಟ ಹೋಗಲಿಲ್ಲ. ಆದರೆ ಈ ಲೆಕ್ಕದ ಪುಸ್ತಕದಲ್ಲೇ ಒಬ್ಬ ಕಾದಂಬರಿಕಾರ ಹುಟ್ಟಿದ. ವಿನಯದ ವೇಷ ತೊಟ್ಟು ಅಹಂಕಾರ ಹೇಗೆ ಒಳಗೆ ನುಸುಳುತ್ತದೆ ಎಂಬುದನ್ನು ಹಿಡಿಯಲು ಅವನ ಕಣ್ಣು ಇಲ್ಲಿ ಪಳಗಿತು. ಒಂದೇ ದಿನದ ಅನುಭವವನ್ನು ಎಳೆಎಳೆಯಾಗಿ ಬಿಡಿಸಹೊರಟು ಅಪೂರ್ಣವಾಗಿ ಉಳಿದ 1851ರ ‘ನಿನ್ನೆಯ ಚರಿತ್ರೆ’ ಇದಕ್ಕೆ ಸಾಕ್ಷಿ. ‘ಯುದ್ಧ ಮತ್ತು ಶಾಂತಿ’ಯ ಬರವಣಿಗೆ ಭರದಿಂದ ಸಾಗಿದಾಗ ದಿನಚರಿ ಬಹುಮಟ್ಟಿಗೆ ಮೌನವಾದದ್ದೂ ಅರ್ಥಪೂರ್ಣ, ಆ ಕಣ್ಣಿಗೆ ಆಗ ಬೇರೆ ಕೆಲಸವಿತ್ತು.

ಇನ್ನು ಈ ಕಥೆಯ ಕಹಿ ಭಾಗ. 1862ರಲ್ಲಿ ಮದುವೆಗೆ ಮುನ್ನ ತನ್ನ ಪೂರ್ವಜೀವನವೆಲ್ಲ ತಿಳಿಯಲೆಂದು ಅವನು ಈ ಪುಸ್ತಕಗಳನ್ನು 18 ವರ್ಷದ ಸೋಫಿಯಾಳ ಕೈಗಿತ್ತ. ‘ಅನ್ನಾ ಕರೆನಿನಾ’ದಲ್ಲಿ ಲೆವಿನ್ ಹಾಗೆಯೇ ಮಾಡುತ್ತಾನೆ, ಕಿಟಿ ಅತ್ತು, ಕ್ಷಮಿಸುತ್ತಾಳೆ. ಬಾಳಿನಲ್ಲಿ ಆ ಗಾಯ ಅಷ್ಟು ಸುಲಭವಾಗಿ ಮಾಯಲಿಲ್ಲ. 1910ರಲ್ಲಿ ಮುದುಕ ಟಾಲ್‌ಸ್ಟಾಯ್ ತನಗೊಬ್ಬನಿಗೇ ಎಂದು ಗುಟ್ಟಾಗಿ ಇನ್ನೊಂದು ದಿನಚರಿ ಬರೆದು ಬೂಟಿನೊಳಗೆ ಬಚ್ಚಿಟ್ಟ. ಅದೂ ಹೆಂಡತಿಯ ಕೈಸೇರಿತು. ಅದೇ ವರ್ಷ ಮನೆ ಬಿಟ್ಟು ಹೊರಟವನು ಅಸ್ತಪೋವೊ ರೈಲುನಿಲ್ದಾಣದಲ್ಲಿ ಕಣ್ಣುಮುಚ್ಚಿದ.

ಸೋಫಿಯಾಳೂ ದಿನಚರಿ ಬರೆದಿದ್ದಾಳೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಒಂದೇ ಸೂರಿನಡಿಯ ಇಬ್ಬರೂ ಪ್ರಾಮಾಣಿಕರೇ. ಆದರೂ ಒಬ್ಬರ ಪುಟದಲ್ಲಿ ಇನ್ನೊಬ್ಬರ ನೋವಿಗೆ ಸಿಕ್ಕ ಜಾಗ ಬಹಳ ಕಿರಿದು. ತನ್ನ ಮನಸ್ಸಿನ ಮೂಲೆಮೂಲೆಗೂ ದೀಪ ಹಿಡಿದವನಿಗೆ ಪಕ್ಕದ ಕೋಣೆ ಕತ್ತಲಾಗಿಯೇ ಉಳಿಯಬಹುದು.

ದಿನಚರಿ ಬರೆಯಬೇಡಿರೆಂದು ನಾನು ಹೇಳುತ್ತಿಲ್ಲ, ಅವಶ್ಯ ಬರೆಯಿರಿ. ‘ಇಂದು ನಾನು ಹೇಗಿದ್ದೆ’ ಎಂದು ಬರೆದಾದ ಮೇಲೆ, ‘ಇಂದು ನನ್ನ ಮನೆಯವರು ಹೇಗಿದ್ದರು’ ಎಂದೂ ನಾಲ್ಕು ಸಾಲು ಬರೆದುನೋಡಿರಿ. ಆ ನಾಲ್ಕು ಸಾಲಿಗೆ ಪೆನ್ನು ತಡವರಿಸಿದರೆ, ಆತ್ಮಪರಿಶೀಲನೆ ಅಲ್ಲಿಂದಲೇ ಮೊದಲಾಗಬೇಕು.