ಕತ್ತರಿ ಯಾರನ್ನ ದೆವ್ವ ಮಾಡಿತು?

1964ರಲ್ಲಿ ಡಿಸ್ನಿ ಕಂಪನಿ ತೆಗೆದ 'ಮೇರಿ ಪಾಪಿನ್ಸ್' ಮಕ್ಕಳುಮರಿ ಕಟ್ಟಿಕೊಂಡು ನೋಡೋ ಸಿನಿಮಾ. 1910ರ ಲಂಡನ್ನು, ಬ್ಯಾಂಕಿನ ಸಾಹೇಬನ ಮನೆ, ಕೊಡೆ ಹಿಡಿದು ಗಾಳಿಯಲ್ಲಿ ಇಳಿದುಬರುವ ಆಯಾ. 2006ರಲ್ಲಿ ಕ್ರಿಸ್ಟೋಫರ್ ರೂಲ್ ಎಂಬಾತ ಇದನ್ನೇ ಕತ್ತರಿಸಿ 'ಸ್ಕೇರಿ ಮೇರಿ' ಅಂತ ಒಂದು ನಿಮಿಷದಷ್ಟು ಅಣಕು ದೆವ್ವದ ಟ್ರೇಲರ್ ಮಾಡಿದ. ಹಾಡು ಕಿತ್ತ, ಭಯದ ಸಂಗೀತ ತುಂಬಿದ, ದೃಶ್ಯಗಳ ಸಾಲು ತಪ್ಪಿಸಿದ. ನಗುತ್ತಿದ್ದ ಆಯಾ ಪಿಶಾಚಿಯಾದಳು!

ತಮಾಷೆ ಚೆನ್ನಾಗಿದೆ, ನಾನೂ ನಕ್ಕೆ. ಒಳ್ಳೆಯವರು ಕೆಟ್ಟವರು ಅನ್ನೋದು ಮುಖದಲ್ಲಿಲ್ಲ, ಕತ್ತರಿ ಹಿಡಿದ ಕೈಲಿದೆ ಅಂತ ಇದು ಕಲಿಸುತ್ತೆ. ಆದರೆ ದೆವ್ವ ಆದದ್ದು ಯಾರು? ಸಂಬಳಕ್ಕೆ ಬಂದ ಹೆಂಗಸು. ಸಾಹೇಬನಲ್ಲ, ಬ್ಯಾಂಕಲ್ಲ.

ಕತ್ತರಿ ಬೇಡದ ಭಯವೊಂದು ಮೂಲ ಚಿತ್ರದಲ್ಲೇ ಇದೆ, ಗೆಳೆಯರೆ. ಮಸಿ ಮೆತ್ತಿದ ಮುಖದ ಹೊಗೆಗೂಡು ಗುಡಿಸುವವರು ಮಾಡಿನ ಮೇಲೆ ಕುಣಿಯುತ್ತಾರೆ. ನೆರೆಮನೆಯ ಮುದಿ ನೌಕಾಧಿಕಾರಿ, ಆಫ್ರಿಕಾದ ಖೋಯ್‌ಖೋಯ್ ಜನರನ್ನು ಹೀಗಳೆಯುವ ಪದದಿಂದ ಅವರನ್ನು ಕರೆದು, ಅವರ ಮೇಲೆ ಬಾಣಬಿರುಸು ಹಾರಿಸುತ್ತಾನೆ. ನಾವು ನಗಬೇಕು! ಆ ಪದಕ್ಕಾಗಿ ಬ್ರಿಟನ್ನಿನ ಸೆನ್ಸಾರಿನವರು, ಮಕ್ಕಳಿಗೆ ತೋರಿಸೋ ಮುಂಚೆ ಹೆತ್ತವರು ಯೋಚಿಸಲಿ ಅಂತ ದರ್ಜೆ ಬದಲಿಸಿದ್ದು 2024ರಲ್ಲಿ. ಅರವತ್ತು ವರ್ಷ ಬೇಕಾಯ್ತು.

ಮಸಿ ದುಡಿಮೆಯದು. ಅದನ್ನು ಹೀನ ಮಾಡಿದ್ದು ನೋಡುವ ಕಣ್ಣು. ಆ ಕಣ್ಣನ್ನೇ ಪಿಶಾಚಿಯಾಗಿ ತೋರಿಸೋ ಟ್ರೇಲರ್ ಬರಲಿ.