ಸರಾಸರಿಯ ಮನುಷ್ಯ

ಹಾಲಾಡಿಯಲ್ಲಿ ಬಸ್ಸಿಳಿದು ನನ್ನ ಸೋದರತ್ತೆಯ ಮನೆಗೆ ಹೋಗಬೇಕಾದರೆ ಒಂದು ಬೈಲು, ಒಂದು ಸಂಕ, ಆಮೇಲೊಂದು ತೋಟ ದಾಟಬೇಕು. "ಊರು ಎಲ್ಲಿದೆ?" ಎಂದು ಜತೆಗೆ ಬಂದಿದ್ದ ಬಯಲುಸೀಮೆಯ ಮಿತ್ರರು ಕೇಳಿದರು. ಅವರ ಕಡೆ ಗೋಡೆಗೆ ಗೋಡೆ ಹತ್ತಿದ ಮನೆಗಳು, ಹೊರಗೆ ಹೊಲ. ನಮ್ಮಲ್ಲಿ ಗದ್ದೆಯಂಚಿಗೊಂದು ಮನೆ, ಕೂಗಳತೆಗೆ ಇನ್ನೊಂದು. ಜನಸಾಂದ್ರತೆಯೆಂಬ ಒಂದೇ ಕೊಳಗದಿಂದ ಅಳೆದರೆ ಎರಡೂ ಸಮ ಬಂದೀತು, ಬಾಳು ಸಮವೆ?

2011ರ ಜನಗಣತಿಯಲ್ಲಿ ದೇಶದ ಸರಾಸರಿ ಚದರ ಕಿಲೋಮೀಟರಿಗೆ 382 ಜನ. ಬಿಹಾರದಲ್ಲಿ 1,106, ಅರುಣಾಚಲದಲ್ಲಿ 17. ಕರ್ನಾಟಕದ 319ರೊಳಗೆ ಕೊಡಗಿನ 135 ಅಡಗಿದೆ, ಬೆಂಗಳೂರು ನಗರ ಜಿಲ್ಲೆಯ 4,300ಕ್ಕೂ ಮಿಕ್ಕ ಸಂಖ್ಯೆಯೂ ಅಡಗಿದೆ. ಈ ಸರಾಸರಿಯ ಮನುಷ್ಯನನ್ನು ಕಂಡವರಿಲ್ಲ. ಅವನಿಗಿಂತ ಕಾರಂತರ ಗೋಪಾಲಯ್ಯನೇ ನನಗೆ ನಿಜ.

ಅತ್ತೆಯ ಮನೆಯ ಚಾವಡಿಯಲ್ಲಿ ಕುಳಿತು 'ಬೆಟ್ಟದ ಜೀವ'ವನ್ನೂ 'ಮರಳಿ ಮಣ್ಣಿಗೆ'ಯನ್ನೂ ಬೆನ್ನುಬೆನ್ನಿಗೆ ಓದಿದೆ. ಒಂದು ಘಟ್ಟದ ಬುಡದ್ದು, ಒಂದು ಕಡಲಂಚಿನದು. ವಾರಾಹಿಯ ಬದಿಯ ಹಾಲಾಡಿ ಎರಡರ ನಡುವೆ. (ಕಾದಂಬರಿಯ ಘಟ್ಟ ಸುಬ್ರಹ್ಮಣ್ಯದ ಕಡೆಯದೆಂಬುದನ್ನು ಮರೆತಿಲ್ಲ.) ದಾರಿ ತಪ್ಪಿ ಬಂದ ಅಪರಿಚಿತನನ್ನು ಗೋಪಾಲಯ್ಯ ದಂಪತಿಗಳು ಹೊರಡಗೊಡುವುದಿಲ್ಲ. ಇದನ್ನು ಆತಿಥ್ಯವೆಂದು ಹೊಗಳಿ ಮುಂದೆ ಹೋಗುವುದು ವಾಡಿಕೆ. ನನಗೆ ಅದು ಅಷ್ಟೇ ಆಗಿ ಕಾಣಲಿಲ್ಲ. ಜನವಿಲ್ಲದ ಕಡೆ ಜನಕ್ಕಿರುವ ಬೆಲೆ ಅದು. ಮಗ ಬಿಟ್ಟುಹೋದ ಮೇಲೆ ನಾರಾಯಣನ ಸಂಸಾರವನ್ನು ಆ ನೆಲಕ್ಕೆ ಅಂಟಿಸಿಡಬೇಕೆಂಬ ಮುದುಕನ ಹಂಬಲವೂ ಅದೇ.

ಕಡಲಂಚಿನಲ್ಲಿ ಕಷ್ಟ ಬೇರೆ. ಜನಕ್ಕೆ ಸಾಲುವಷ್ಟು ಮಣ್ಣಿಲ್ಲ. ಗಂಡಸರು ಬೆಂಗಳೂರಿನ ಹೋಟೆಲಿಗೆ, ಮದರಾಸಿಗೆ, ಮುಂಬಯಿಗೆ ಹೊರಡುತ್ತಾರೆ. ಪಾರೋತಿ, ಸರಸೋತಿ, ನಾಗವೇಣಿ ಮನೆಯನ್ನು ಹಿಡಿದು ನಿಲ್ಲುತ್ತಾರೆ. 2011ರಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ಈ ಅಂಕಿಯ ಒಳಮನೆಯನ್ನು ಕಾರಂತರು ಎಷ್ಟೋ ಮೊದಲೇ ತೆರೆದು ತೋರಿಸಿದ್ದರು.

ಆದರೆ ಒಂದು ಮಾತು ಹೇಳಲೇಬೇಕು. ಪೇಟೆಗೆ ಕಾಲಿಟ್ಟೊಡನೆ ಕಾರಂತರ ಲೇಖನಿಗೆ ಅವಸರ ಬರುತ್ತದೆ. ಅಲ್ಲಿನ ಸಂದಣಿ ಅವರಿಗೆ ಮನುಷ್ಯ ಕಳೆದುಹೋಗುವ ಜಾಗ ಮಾತ್ರ. ಅಲ್ಲೂ ಒಲೆ ಹೂಡಿ ಬದುಕುವವರಿದ್ದಾರೆಂಬುದು ಬದಿಗೆ ಸರಿಯುತ್ತದೆ. ಒತ್ತಾಗಿ ಬದುಕುವವರ ಒಂಟಿತನ ಕನ್ನಡದಲ್ಲಿ ಮೈದಾಳಲು ಚಿತ್ತಾಲರ 'ಶಿಕಾರಿ' ಬರಬೇಕಾಯಿತು.

ಅತ್ತೆಯ ಮಕ್ಕಳಲ್ಲಿ ಒಬ್ಬ ಬೆಂಗಳೂರಿನಲ್ಲಿದ್ದಾನೆ, ಒಬ್ಬ ಮುಂಬಯಿಯಲ್ಲಿ. ಹೊರಟು ನಿಂತ ನನ್ನ ಚೀಲವನ್ನು ಆಕೆ ಒಳಗೊಯ್ದಿಟ್ಟಳು. "ಇವತ್ತೊಂದ್ ದಿನ ಇದ್ದ್ ಹೋಗ್, ಮಾಣಿ." ನನ್ನ ತಲೆ ನರೆತು ಎಷ್ಟೋ ವರ್ಷವಾಯಿತು. ಕೊನೆಯ ಬಸ್ಸು ತಪ್ಪಿತು.